ಜೋಗಿಮಟ್ಟಿ ಗುಡ್ಡದ ಕಾಡಿಗೆ ಬೆಂಕಿ ಬಿದ್ದಾಗ ಅರಣ್ಯ ಇಲಾಖೆಯ ವೈರ್‌ಲೆಸ್ ಮಾತು ಕೇಳಬಹುದೇ?

ಕ್ಯಾಲಿಫೋರ್ನಿಯಾದ ಹವ್ಯಾಸಿಗಳು ವೈರ್‌ಲೆಸ್ ಮಾತು ಹಿಡಿಯುವ ಸ್ಕ್ಯಾನರ್ ಇಟ್ಟುಕೊಂಡು ಕಾಡ್ಗಿಚ್ಚಿನ ಸುದ್ದಿ ಹಿಡಿಯುತ್ತಾರಂತೆ, ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೋ ಕೇಳುವ ಒಂದು ಎಸ್‌ಡಿಆರ್ ಡಾಂಗಲ್ ತರಿಸಿದರೆ ಚಿತ್ರದುರ್ಗದಲ್ಲೂ ಆಗುತ್ತದಾ ಅಂತ ಕೇಳಿದ್ದೀರಿ. ನಾನು ಇದೇ ಊರಿನ ಹ್ಯಾಮ್, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೋಗಾರ. ಡಾಂಗಲ್‌ಗೆ ಅದು ಕಷ್ಟದ ಕೆಲಸ ಅಲ್ಲ. ಕಾನೂನು ಬಿಡುವುದಿಲ್ಲ.

ಅಮೆರಿಕದಲ್ಲಿ ಪೊಲೀಸರು, ಅಗ್ನಿಶಾಮಕದವರು ಎನ್‌ಕ್ರಿಪ್ಟ್ ಮಾಡದೆ ಆಡುವ ಮಾತನ್ನು ಜನ ಕೇಳಬಹುದು. 1986ರ ಕಾನೂನಿನಲ್ಲೇ ಆ ವಿನಾಯಿತಿ ಇದೆ. ನಮ್ಮಲ್ಲಿ ವೈರ್‌ಲೆಸ್ ಸೆಟ್ ಇಟ್ಟುಕೊಳ್ಳಲೂ 1933ರ ಕಾಯ್ದೆಯ ಕಾಲದಿಂದ ಅನುಮತಿ ಬೇಕು. 2023ರ ದೂರಸಂಪರ್ಕ ಕಾಯ್ದೆ ಪ್ರಕಾರ, ಬೇರೆಯವರ ಸಂದೇಶ ಅಕ್ರಮವಾಗಿ ಕದ್ದು ಕೇಳಿದರೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸುಮ್ನೆ ಕುತೂಹಲಕ್ಕೆ ಇಷ್ಟು ದುಬಾರಿ ಹವ್ಯಾಸ ಯಾಕೆ?

ಕಾನೂನು ಪಕ್ಕಕ್ಕಿಟ್ಟರೂ ಮನೆಯಲ್ಲಿ ಕೂತವರಿಗೆ ಜಾಸ್ತಿ ಏನೂ ಕೇಳಿಸುವುದಿಲ್ಲ. ಇಂಥ ಸೆಟ್‌ಗಳ ವಿಎಚ್‌ಎಫ್ ರೇಡಿಯೋ ಅಲೆಗಳು ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತವೆ. ಗುಡ್ಡದ ಆ ಬದಿಯಲ್ಲಿ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುತ್ತಿರುವ ಅರಣ್ಯ ಇಲಾಖೆಯ ವಾಚರ್ ಕೈಸೆಟ್ಟಿನಲ್ಲಿ ಕೂಗಿದರೆ, ಊರಿಗೂ ಅವನಿಗೂ ನಡುವೆ ಜೋಗಿಮಟ್ಟಿಯೇ ಅಡ್ಡ. ಎತ್ತರದಲ್ಲಿ ಮಾತನ್ನು ಹಿಡಿದು ಮತ್ತೆ ಬಿತ್ತರಿಸುವ ರಿಪೀಟರ್ ಇದ್ದರಷ್ಟೇ ಮಾತು ದಾಟಿ ಬರುತ್ತದೆ.

ಅಮೆರಿಕದವರಿಗೂ ಇದೇ ತಾಪತ್ರಯ. ದೊಡ್ಡ ಬೆಂಕಿಯಾದರೆ ಅಲ್ಲಿ ಮೇಲಧಿಕಾರಿಗಳ ಕಮಾಂಡ್ ಚಾನೆಲ್ ಬೇರೆ, ನೆಲದ ತಂಡಗಳ ಟ್ಯಾಕ್ಟಿಕಲ್ ಚಾನೆಲ್ ಬೇರೆ, ವಿಮಾನಕ್ಕೂ ನೆಲಕ್ಕೂ ಇನ್ನೊಂದು. ನೆಲದವರ ಮಾತು ಹತ್ತಿರದವರಿಗೆ ಮಾತ್ರ. ವಿಮಾನ ಮೇಲಿರುವುದರಿಂದ ಅದರ ಮಾತು ದೂರಕ್ಕೂ ಚೆನ್ನಾಗಿ ಬರುತ್ತದೆ. ಬೆಂಕಿ ಎಷ್ಟು ಎಕರೆ, ಯಾವ ಕಡೆ ಹಬ್ಬುತ್ತಿದೆ ಎಂಬ ಅಂದಾಜೂ ಅಲ್ಲೇ ಸಿಗುವುದರಿಂದ ಪಳಗಿದವರು ಆ ಚಾನೆಲ್ ಬಿಡುವುದಿಲ್ಲ. ಕಾಡ್ಗಿಚ್ಚಿನ ಸುದ್ದಿ ಕೊಡುವ, 2021ರಲ್ಲಿ ಶುರುವಾದ ವಾಚ್ ಡ್ಯೂಟಿ ಆ್ಯಪ್‌ಗೂ ಇಂಥ ಕಿವಿಗಳೇ ಆಧಾರ. ನಿವೃತ್ತ ಅಗ್ನಿಶಾಮಕ ಸಿಬ್ಬಂದಿಯಂಥವರು ರೇಡಿಯೋ ಕೇಳಿ, ಕ್ಯಾಮೆರಾ, ಉಪಗ್ರಹದ ಜೊತೆ ತಾಳೆ ನೋಡಿ ಆಮೇಲೆ ಸುದ್ದಿ ಹಾಕುತ್ತಾರೆ. ಬಂದದ್ದನ್ನೆಲ್ಲ ವಾಟ್ಸಾಪ್ ಗ್ರೂಪಿಗೆ ತಳ್ಳುವ ನಮ್ಮ ಕೈಗೆ ಸ್ಕ್ಯಾನರ್ ಸಿಗದಿರುವುದೇ ವಾಸಿ, ಅಲ್ವಾ?

ಬೆಂಕಿ ಎಲ್ಲಿದೆ ಅಂತ ತಿಳಿದರೆ ಸಾಕು ಅನ್ನುವುದಾದರೆ ರೇಡಿಯೋ ಬೇಕಾಗಿಲ್ಲ. ಉಪಗ್ರಹಗಳಿಗೆ ಕಂಡ ಬೆಂಕಿಯನ್ನು ಚುಕ್ಕೆಗಳಲ್ಲಿ ತೋರಿಸುವ ನಾಸಾದ ಫರ್ಮ್ಸ್ ನಕ್ಷೆ ಎಲ್ಲರಿಗೂ ಉಚಿತ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಮೊಬೈಲಿಗೇ ಎಚ್ಚರಿಕೆ ಬರುತ್ತದೆ. ನಕ್ಷೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಅದರ ಒಂದು ಚುಕ್ಕೆ ಎಂದರೆ ಸುಮಾರು 375 ಮೀಟರ್ ಅಗಲದ ಜಾಗ. ಜಗಳೂರು ಕಡೆ, ಕೊಂಡುಕುರಿಗಳ ರಂಗಯ್ಯನದುರ್ಗ ಅಭಯಾರಣ್ಯದ ಅಂಚಿನಲ್ಲಿ ಕೆಂಪು ಚುಕ್ಕೆ ಕಂಡರೆ, ಉರಿಯುತ್ತಿರುವುದು ಕಾಡೋ ಪಕ್ಕದ ಹೊಲದ ಮೆಕ್ಕೆಜೋಳದ ದಂಟೋ ಹೇಳುವುದು ಕಷ್ಟ. ಆ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆ ಗಂಟೆಯ ಆಸುಪಾಸಿನಲ್ಲಿ. ಸಂಜೆ ನಾಲ್ಕಕ್ಕೆ ಹತ್ತಿದ ಬೆಂಕಿ ಮಧ್ಯರಾತ್ರಿ ಕಳೆಯುವವರೆಗೂ ಕಾಣದೇ ಇರಬಹುದು. ಹೊಗೆ ಕಣ್ಣಿಗೆ ಬಿದ್ದರೆ ನಕ್ಷೆ ನೋಡುತ್ತಾ ಕೂರಬೇಡಿ, 112ಕ್ಕೋ ಅರಣ್ಯ ಸಹಾಯವಾಣಿ 1926ಕ್ಕೋ ಫೋನ್ ಮಾಡಿ.

ಇಲ್ಲ, ನನಗಿರುವುದು ರೇಡಿಯೋ ಹುಚ್ಚೇ ಅಂದರೆ ಹ್ಯಾಮ್ ಪರೀಕ್ಷೆ ಬರೆಯಿರಿ. 12 ವರ್ಷ ತುಂಬಿದ್ದರೆ ಸಾಕು, ಕೆಳಹಂತದ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಕೂಡ ಬೇಡ. 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ರಾಜಾರೋಷವಾಗಿ ಮಾತಾಡಬಹುದು. ಅರಣ್ಯದವರ ಚಾನೆಲ್ ಆಗಲೂ ಕೇಳುವಂತಿಲ್ಲ. ಆದರೆ ಎತ್ತರದ ಗುಡ್ಡ ಹತ್ತಿ ನಿಂತರೆ ಕೈಸೆಟ್ಟಿನಲ್ಲೇ ದಾವಣಗೆರೆಯವರ ಜೊತೆ ಹರಟುವ ಆಸೆ ಇಟ್ಟುಕೊಳ್ಳಬಹುದು.