ಶೇಕಡಾ 95 ನೋಡಿ ಬೇಜಾರಾದವರಿಗೆ

ನಿಮ್ಮ ಪ್ರಶ್ನೆ ನೋಡಿದೆ. ಹೋದ ಸಲದ ಸೂರ್ಯಗ್ರಹಣದಲ್ಲಿ ಸೂರ್ಯ ಶೇಕಡಾ 95 ಮುಚ್ಚಿದ್ದ, ಕನ್ನಡಕ ಹಾಕಿಕೊಂಡು ನೋಡಿದೆ, ಕುಡುಗೋಲಿನ ಥರ ಕಾಣಿಸಿತು, ಅಷ್ಟೇ, ಇದಕ್ಕೆ ಜನ ವಿಮಾನ ಹತ್ತಿಕೊಂಡು ಹೋಗುತ್ತಾರಲ್ಲ, ಏನಿದೆ ಅದರಲ್ಲಿ ಅಂತ ಕೇಳಿದ್ದೀರಿ. 2027ರ ಗ್ರಹಣಕ್ಕೆ ಸ್ನೇಹಿತರು ಕರೆಯುತ್ತಿದ್ದಾರೆ, ಹೋಗಲೋ ಬೇಡವೋ, ಹೋದರೆ 9 ವರ್ಷದ ಮಗಳನ್ನೂ ಕರೆದುಕೊಂಡು ಹೋಗಬಹುದಾ ಅಂತಲೂ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ನಿಮಗೆ ಸಪ್ಪೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಖಂಡಗ್ರಾಸ ಗ್ರಹಣ, ಅಂದರೆ ಸೂರ್ಯನ ಒಂದು ಭಾಗ ಮಾತ್ರ ಮುಚ್ಚುವಂಥದ್ದು, ಸಪ್ಪೆಯೇ. ಬಿಡುವಿದ್ದರೆ ಅರ್ಧ ಗಂಟೆ ಹೊರಗೆ ಬಂದು ನೋಡಬಹುದು, ಅದಕ್ಕೆ ರಜೆ ಹಾಕಬೇಕಾಗಿಲ್ಲ. ಆದರೆ ಅದೇ ಅಳತೆಗೋಲು ಹಿಡಿದು ಖಗ್ರಾಸವನ್ನು, ಅಂದರೆ ಸೂರ್ಯ ಪೂರ್ತಿ ಮುಚ್ಚುವ ಗ್ರಹಣವನ್ನು, ಅಳೆಯಬೇಡಿ. "95 ನೋಡಿ ಆಯ್ತು, ಇನ್ನು 5 ತಾನೇ ಬಾಕಿ" ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಯಾಕೆ ಅಂದರೆ, ಖಗ್ರಾಸದಲ್ಲಿ ನೋಡುವುದು ಮುಚ್ಚಿದ ಸೂರ್ಯನನ್ನಲ್ಲ, ಅವನ ಸುತ್ತ ಇರುವ ಕರೋನಾವನ್ನು, ಅಂದರೆ ಸೂರ್ಯನ ಹೊರಗಿನ ತೆಳು ಅನಿಲದ ಹೊದಿಕೆಯನ್ನು. ಅದು ದಿನಾ ಅಲ್ಲೇ ಇರುತ್ತದೆ. ಆದರೆ ಅದರ ಬೆಳಕು ಸೂರ್ಯನ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು, ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು. ಸೂರ್ಯನ ಶೇಕಡಾ 1 ಮಾತ್ರ ಉಳಿದರೂ ಆ ಚೂರು ಕರೋನಾಗಿಂತ ಸಾವಿರಾರು ಪಟ್ಟು ಪ್ರಖರ. ಹಾಗಾಗಿ ಶೇಕಡಾ 99 ಮುಚ್ಚಿದಾಗಲೂ ದಟ್ಟ ಮೋಡ ಕವಿದ ಹಗಲಿನ ಹಾಗಿರುತ್ತದೆ, ಕೆಲಸದಲ್ಲಿ ಮುಳುಗಿದವರಿಗೆ ಗೊತ್ತೂ ಆಗುವುದಿಲ್ಲ. ಆ ಕೊನೆಯ ಚೂರು ಹೋಗಬೇಕು. ಹೋದರೆ ಎಲ್ಲಾ, ಇಲ್ಲದಿದ್ದರೆ ಏನೂ ಇಲ್ಲ.

ಇನ್ನೊಬ್ಬರು "ಕತ್ತಲೆ ದಿನಾ ಆಗುತ್ತಲ್ಲ" ಅಂತ ಕೆಳಗೆ ಬರೆದಿದ್ದಾರೆ. 2009ರ ಜುಲೈ 22ರಂದು ನಾನೂ ಅದನ್ನೇ ಅಂದುಕೊಂಡು ವಾಪಸ್ ಬಂದವನು. ಈ ಶತಮಾನದ ಅತಿ ಉದ್ದದ ಖಗ್ರಾಸ ಗ್ರಹಣ ಅದು, ಒಳ್ಳೆ ಜಾಗದಲ್ಲಿ 6 ನಿಮಿಷ 39 ಸೆಕೆಂಡು. ನಾನು ನಿಂತಿದ್ದಲ್ಲಿ ಮೋಡ. ಯಾರೋ ದೀಪ ಆರಿಸಿ ಮತ್ತೆ ಹಚ್ಚಿದ ಹಾಗಾಯಿತು, ಛತ್ರಿ ಮಡಚಿಕೊಂಡು ಬಂದೆ. ಆಮೇಲೆ 2017ರ ಆಗಸ್ಟ್ 21ರದಕ್ಕೆ ಅಮೆರಿಕಕ್ಕೆ ಹೋಗಿದ್ದೂ ನನ್ನ ಇಷ್ಟದಿಂದಲ್ಲ, ಜೊತೆಯವರ ಬಲವಂತಕ್ಕೆ.

ಅವತ್ತು ಆಕಾಶ ತೊಳೆದಿಟ್ಟ ಹಾಗಿತ್ತು. ಮೊದಲ ಮುಕ್ಕಾಲು ಗಂಟೆ ನೀವು ನೋಡಿದ್ದೇ, ಏನೂ ವಿಶೇಷ ಇಲ್ಲ, ಹರಟೆ ಹೊಡೆಯುತ್ತಿದ್ದೆವು. ಕೊನೆಯ 10 ನಿಮಿಷದಲ್ಲಿ ಬೆಳಕು ಕೆಟ್ಟಿತು. ಕೆಂಪಾಗಲಿಲ್ಲ, ಸಂಜೆಯ ಹಾಗಲ್ಲ, ತಗಡಿನ ಬಣ್ಣ. ನೆರಳುಗಳು ಎಷ್ಟು ಚೂಪಾದವು ಅಂದರೆ ನನ್ನ ತೋಳಿನ ಕೂದಲಿನ ನೆರಳು ಒಂದೊಂದಾಗಿ ಬಿಳಿ ಕಾಗದದ ಮೇಲೆ ಕಾಣಿಸುತ್ತಿತ್ತು. ಬೆಳಕು ಬರುವ ಚೂರು ಸಣ್ಣದಾದಷ್ಟೂ ನೆರಳಿನ ಅಂಚು ಮಸುಕಾಗುವುದಿಲ್ಲ, ಅಷ್ಟೇ ಕಾರಣ, ಆದರೆ ಕಾರಣ ಗೊತ್ತಿದ್ದರೂ ಮೈ ಜುಮ್ ಅಂತು. ಚಳಿ ಹತ್ತಿತು. ಪಶ್ಚಿಮದಿಂದ ಚಂದ್ರನ ನೆರಳು ಬಂದೇ ಬಿಟ್ಟಿತು, ಗಂಟೆಗೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ವೇಗ ಅದಕ್ಕೆ. ಸೂರ್ಯನ ಅಂಚು ತುಂಡು ತುಂಡಾಗಿ ಮಣಿಗಳಾಯಿತು. ಚಂದ್ರನ ಕಣಿವೆಗಳಲ್ಲಿ ತೂರಿ ಬರುವ ಬೆಳಕು ಇದು, ಬೇಲಿ ಮಣಿ ಅನ್ನುತ್ತಾರೆ (ತೋಟದ ಬೇಲಿ ಅಲ್ಲ, 1836ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿಸ್ ಬೇಲಿ). ಒಂದೇ ಮಣಿ ಉಳಿದಾಗ ವಜ್ರದುಂಗುರ. ಅದೂ ಆರಿತು. ಆಮೇಲೆ ಆಕಾಶದಲ್ಲಿ ಒಂದು ಕರೀ ತೂತು, ಸುತ್ತ ಬಿಳೀ ಎಳೆಗಳು, ಪಕ್ಕದಲ್ಲಿ ಶುಕ್ರ, ದಿಗಂತದ ಸುತ್ತಲೂ, ನಾಲ್ಕೂ ದಿಕ್ಕಿಗೆ, ಕಿತ್ತಳೆ ಬಣ್ಣ. ಇದನ್ನು ರಾತ್ರಿ ಅನ್ನುವವರು ನೋಡಿಲ್ಲ ಅಂತಲೇ ಅರ್ಥ.

ವಿಡಿಯೋ ನೋಡಿದರೆ ಸಾಲದಾ ಅಂತಲೂ ಒಬ್ಬರು ಕೇಳಿದ್ದಾರೆ. ಸಾಲದು. ಕರೋನಾದ ಒಳಗಿನ ಭಾಗ ಹೊರಗಿನದಕ್ಕಿಂತ ತುಂಬಾ ಪ್ರಖರ. ಕಣ್ಣು ಎರಡನ್ನೂ ಒಟ್ಟಿಗೆ ನೋಡುತ್ತದೆ, ಕ್ಯಾಮೆರಾ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಫೋಟೋದಲ್ಲಿ ಚೆಂದ ಬಂದಿರುವುದೆಲ್ಲ ಹತ್ತಾರು ಫೋಟೋ ಸೇರಿಸಿ ಮಾಡಿದ್ದು.

ಈಗ 2027. ಆಗಸ್ಟ್ 2ನೇ ತಾರೀಕು. ನೆರಳು ಸ್ಪೇನಿನ ದಕ್ಷಿಣದ ತುದಿ, ಉತ್ತರ ಆಫ್ರಿಕಾ, ಸೌದಿ, ಯೆಮನ್ ಮೇಲೆ ಹಾದುಹೋಗುತ್ತದೆ. ಈಜಿಪ್ಟಿನ ಲಕ್ಸರ್ ಹತ್ತಿರ 6 ನಿಮಿಷ 20 ಸೆಕೆಂಡಿಗಿಂತ ಜಾಸ್ತಿ. ಇಷ್ಟು ಉದ್ದದ್ದು ಮತ್ತೆ ಬರುವುದು 2114ರಲ್ಲಿ. ಆಗಸ್ಟಿನಲ್ಲಿ ಅಲ್ಲಿ ಮೋಡ ಬಹಳ ಅಪರೂಪ. 2009ರಲ್ಲಿ ನೆನೆದವನ ಮಾತು ಕೇಳಿ, ನಿಮಿಷ ಎಣಿಸುವ ಮೊದಲು ಮೋಡದ ಲೆಕ್ಕ ನೋಡಿ. ಬಿಸಿಲು ಮಾತ್ರ ಭಯಂಕರ.

ಒಂದು ತಪ್ಪು ಮಾಡಬೇಡಿ. ನೆರಳಿನ ಪಟ್ಟಿಯ ಹೊರಗೆ ರೂಮು ಹಿಡಿದು "ಇಲ್ಲಿಂದಲೂ ಕಾಣುತ್ತಂತೆ" ಅಂತ ಕೂರಬೇಡಿ. ಪಟ್ಟಿಯ ಅಗಲ 260 ಕಿಲೋಮೀಟರಿನ ಹತ್ತಿರ ಅಷ್ಟೇ. ಕೈರೋ ಅದರಾಚೆ ಇದೆ, ಅಲ್ಲಿ ನಿಂತರೆ ಹೋದ ಸಲದ ಕುಡುಗೋಲೇ ಗತಿ. ಪಟ್ಟಿಯ ಒಳಗೂ ಅಂಚಿನಲ್ಲಿದ್ದರೆ ನಿಮಿಷಗಳು ಸರಸರ ಕಡಿಮೆಯಾಗುತ್ತವೆ. ನಡು ಗೆರೆಗೆ ಹತ್ತಿರ ಇರಿ. ಇನ್ನೊಂದು, ಲಕ್ಸರಿನಲ್ಲಿ ಆ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ. ನಿಂತು ನೋಡಿದರೆ ಕತ್ತು ಹಿಡಿದುಕೊಳ್ಳುತ್ತದೆ, ಚಾಪೆ ಹಾಕಿ ಮಲಗಿ.

ಹಣ ರಜೆ ಎರಡೂ ಹೊಂದುತ್ತದೆ ಅಂದರೆ ಹೋಗಿ ಅಂತಲೇ ನನ್ನ ಮಾತು. ಒಂದು ಜಾಗಕ್ಕೆ ಖಗ್ರಾಸ ತಾನಾಗಿ ಬರಲಿ ಅಂತ ಕೂತರೆ ಸರಾಸರಿ 375 ವರ್ಷ ಕಾಯಬೇಕು. ಸಾಲ ಮಾಡಿ ಹೋಗಬೇಡಿ, ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಸುಮಾರು ಒಂದೂವರೆ ವರ್ಷಕ್ಕೊಂದು ಆಗುತ್ತಿರುತ್ತದೆ. 2028ರ ಜುಲೈ 22ರದು ಸಿಡ್ನಿ ಮೇಲೇ ಹೋಗುತ್ತದೆ.

ಕ್ಯಾಮೆರಾ ವಿಷಯ. ಮೊದಲ ಸಲ ಹೋಗುವವರು ಬಿಟ್ಟು ಹೋಗಿ. ನನಗಿದ್ದದ್ದು ಎರಡು ನಿಮಿಷ ಚಿಲ್ಲರೆ, ಅದರಲ್ಲಿ 40 ಸೆಕೆಂಡು ಲೆನ್ಸಿನ ಮುಂದಿನ ಫಿಲ್ಟರ್ ಬಿಚ್ಚುವುದರಲ್ಲೇ ಹೋಯಿತು, ಸ್ಕ್ರೂ ಸಿಕ್ಕಿಹಾಕಿಕೊಂಡಿತ್ತು. ಬಂದ ಫೋಟೋ ಅಲ್ಲಾಡಿದೆ. ಬೇಕೇ ಬೇಕು ಅಂದರೆ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ, ನಿಮ್ಮ ಗುಂಪಿನ ಕಡೆಗೆ ತಿರುಗಿಸಿ ವಿಡಿಯೋ ಆನ್ ಮಾಡಿ ಮರೆತುಬಿಡಿ. ಜನರ ಕೂಗಾಟ ಆಮೇಲೆ ಕೇಳುವುದೇ ಚೆಂದ.

ಕಣ್ಣಿನ ವಿಷಯದಲ್ಲಿ ಮಾತ್ರ ಉಡಾಫೆ ಬೇಡ. ಕಣ್ಣಿನ ಒಳಪರದೆಗೆ ನೋವು ಗೊತ್ತಾಗುವುದಿಲ್ಲ, ಸುಟ್ಟರೂ ಆ ಹೊತ್ತಿಗೆ ತಿಳಿಯುವುದಿಲ್ಲ. ಐಎಸ್‌ಒ 12312-2 ಗುಣಮಟ್ಟದ ಕನ್ನಡಕ ತಗೊಳ್ಳಿ, ಗೀರು ಬಿದ್ದಿದ್ದರೆ ಬಿಸಾಕಿ. ಅದನ್ನು ಹಾಕಿಕೊಂಡು ಬೈನಾಕ್ಯುಲರ್ ಒಳಗೆ ಇಣುಕಲೇಬಾರದು, ಫಿಲ್ಟರ್ ಬೈನಾಕ್ಯುಲರಿನ ಮುಂದಿನ ತುದಿಗೆ ಇರಬೇಕು. ಸೂರ್ಯ ಪೂರ್ತಿ ಮುಚ್ಚಿದ ಮೇಲೆ ಕನ್ನಡಕ ತೆಗೆಯಲೇಬೇಕು, ಇಲ್ಲದಿದ್ದರೆ ಬರೀ ಕತ್ತಲೆ ಕಾಣುತ್ತದೆ. ಮತ್ತೆ ವಜ್ರ ಮಿನುಗುವ ಹೊತ್ತಿಗೆ ವಾಪಸ್ ಹಾಕಿಕೊಳ್ಳಿ. ಚಂದ್ರನ ಸುತ್ತ ಸೂರ್ಯ ಬಳೆಯ ಹಾಗೆ ಉಳಿಯುವ ಕಂಕಣ ಗ್ರಹಣದಲ್ಲಿ ಈ ರಿಯಾಯಿತಿ ಇಲ್ಲ, ಉಂಗುರ ಕಾಣುವಾಗಲೂ ಕನ್ನಡಕ ಇರಲೇಬೇಕು.

ಮಗಳನ್ನು ಧಾರಾಳವಾಗಿ ಕರೆದುಕೊಂಡು ಹೋಗಿ, 9 ವರ್ಷದವರಿಗೆ ನೆನಪು ಚೆನ್ನಾಗಿ ಉಳಿಯುತ್ತದೆ. ಮಕ್ಕಳ ಮುಖಕ್ಕೆ ಈ ಕಾಗದದ ಕನ್ನಡಕ ನಿಲ್ಲುವುದಿಲ್ಲ, ಜಾರುತ್ತದೆ. ಅಗಲವಾದ ರಟ್ಟಿಗೆ ಕಣ್ಣಿನ ಜಾಗದಲ್ಲಿ ಕಿಂಡಿ ಕೊಯ್ದು, ಕನ್ನಡಕವನ್ನು ಅದಕ್ಕೆ ಅಂಟಿಸಿ, ಹಿಂದೆ ದಾರ ಕಟ್ಟಿ. ಶುರುವಿನ ಒಂದು ಗಂಟೆ ಅವಳಿಗೆ ಬೋರ್ ಆಗುತ್ತದೆ. ಆಗ ಎರಡೂ ಕೈಯ ಬೆರಳು ಅಡ್ಡಡ್ಡ ಇಟ್ಟು ನೆಲದ ಮೇಲೆ ನೆರಳು ಬೀಳಿಸಲಿ, ಪ್ರತಿ ಸಂದಿಯಲ್ಲೂ ಒಂದೊಂದು ಪುಟ್ಟ ಕುಡುಗೋಲು ಬೀಳುತ್ತದೆ. ಮರ ಇದ್ದರೆ ಇನ್ನೂ ಸುಲಭ, ಎಲೆಗಳ ಸಂದಿಯಿಂದ ನೂರಾರು ಬಿದ್ದಿರುತ್ತವೆ, ಎಣಿಸು ಅಂತ ಬಿಟ್ಟುಬಿಡಿ.