ಯಾವ ಇಸವಿಯ ಮಡಿಕೇರಿ?

ವಿರಾಜಪೇಟೆಯ ಓದುಗರೊಬ್ಬರು ಕೇಳಿದ್ದಾರೆ: “ರಾಜರ ಕಾಲದ ಮಡಿಕೇರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಕೋಟೆಗೆ ಬರುವವರ ಕಣ್ಣಿಗೆ, ಆ ಕಾಲದಲ್ಲೇ ನಿಂತಂತೆ ತೋರಿಸುವ ವಿಆರ್ ಕನ್ನಡಕ ಹಾಕಿಸಬಾರದೇ? ನಮ್ಮ ಐನ್‌ಮನೆಯನ್ನೂ (ಕೊಡವ ಕುಟುಂಬದ ಮೂಲ ಮನೆ) ಅದರಲ್ಲಿ ಸೇರಿಸಬಹುದು.”

ಆಸೆ ಚೆನ್ನಾಗಿದೆ. ಮೆಟ್ಟಿಲು ಹತ್ತಲಾಗದ ಅಜ್ಜಿಯೂ ಅರಮನೆ ನೋಡಬಹುದು. ಒಪ್ಪಿದೆ. ಆದರೆ ಯಾವ ರಾಜರ ಕಾಲ, ಸ್ವಾಮಿ? ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಊರಿನ ಹೆಸರನ್ನೇ ಜಾಫರಾಬಾದ್ ಮಾಡಿದ. ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಅರಮನೆಯನ್ನು ಹೊಸದಾಗಿ ಕಟ್ಟಿಸಿದ. ಬ್ರಿಟಿಷರು ಬಂದ ಮೇಲೆ, 1855ರಲ್ಲಿ, ಕೋಟೆಯೊಳಗಿನ ವೀರಭದ್ರ ದೇವಸ್ಥಾನ ಹೋಗಿ ಚರ್ಚ್ ಎದ್ದಿತು. ಆ ಚರ್ಚೇ ಈಗ ಮ್ಯೂಸಿಯಂ. ಒಂದೇ ಜಾಗ, ಎಷ್ಟು ಊರು! ಪ್ರಾಚೀನ ರೋಮ್ ನಗರವನ್ನು ಹೀಗೆ ಕಟ್ಟಿದ ‘ರೋಮ್ ರಿಬಾರ್ನ್’ನವರು ಕ್ರಿ.ಶ. 320 ಎಂದು ಇಸವಿ ಹಿಡಿದೇ ಕೆಲಸ ಮಾಡಿದರು.

ನನ್ನ ಹಳೇ ತಕರಾರು ಇನ್ನೊಂದಿದೆ. ಇರುವ ಕಲ್ಲೂ ಊಹೆಯ ಗೋಡೆಯೂ ಪರದೆಯ ಮೇಲೆ ಒಂದೇ ಥರ ಹೊಳೆಯುತ್ತವೆ. ವೀರಭದ್ರನ ಗುಡಿಯ ಮಾಡು ಹೀಗಿತ್ತು ಅಂತ ಯಾರೋ ಸುಮ್ನೆ ಬಿಡಿಸಿದರೂ ಮಕ್ಕಳು ಅದನ್ನೇ ನಂಬುತ್ತಾರೆ. ಯಾವುದಕ್ಕೆ ದಾಖಲೆ ಇದೆ, ಯಾವುದು ಊಹೆ ಎಂದು ನೋಡುವವರಿಗೆ ತಿಳಿಯಬೇಕು ಅಂತ 2009ರ ಲಂಡನ್ ಚಾರ್ಟರ್, ಅಂದರೆ ಹಳೆಯದನ್ನು ಕಂಪ್ಯೂಟರಿನಲ್ಲಿ ಕಟ್ಟುವವರಿಗೆ ಮಾಡಿದ ನಿಯಮಾವಳಿ, ಹೇಳುತ್ತದೆ. ಊಹೆಗೆ ಬೇರೆ ಬಣ್ಣ ಹಚ್ಚಿದರಾಯಿತು. ಚಂದ ಕಾಣಲ್ಲ ಅಂತಾರೆ. ಕಾಣದಿದ್ದರೆ ಬೇಡ ಬಿಡಿ!

ನನಗೆ ಪ್ರೀತಿ ಇರುವುದು ಅಳತೆಯ ಮೇಲೆ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚನ್ನು ಆಂಡ್ರ್ಯೂ ಟ್ಯಾಲನ್ ಎಂಬ ಪ್ರಾಧ್ಯಾಪಕರು ಲೇಸರಿನಿಂದ ಅಳೆದಿಟ್ಟಿದ್ದರು. 2019ರಲ್ಲಿ ಅದರ ಮಾಡಿಗೆ ಬೆಂಕಿ ಬಿದ್ದಾಗ ಆ ಅಳತೆ ಕೈಯಲ್ಲಿತ್ತು. ನಮ್ಮಲ್ಲಿ? ಕೆತ್ತನೆಯ ಕಂಬ ಕಿತ್ತು ಮಾರುತ್ತಾರೆ, ಅಲ್ಲಿ ಆರ್‌ಸಿಸಿ ಹಾಕುತ್ತಾರೆ, ಆಮೇಲೆ ಹೋಂಸ್ಟೇ ಬೋರ್ಡಿನಲ್ಲಿ ‘ಪಾರಂಪರಿಕ’ ಅಂತ ಬರೆಸುತ್ತಾರೆ. ಹಳೇ ಕಾಗದಪತ್ರ ಗೆದ್ದಲಿಗೆ. ಹಣ ಮಾತ್ರ ಸೆಲ್ಫಿ ಪಾಯಿಂಟಿಗೆ.

ನಿಮ್ಮ ಐನ್‌ಮನೆ ಇನ್ನೂ ನಿಂತಿದೆಯಲ್ಲ, ಕನ್ನಡಕ ಆಮೇಲೆ. ಈ ಮಳೆಗಾಲ ಹಿಡಿಯುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಐಮರ (ಜಗಲಿಯ ಕಂಬಗಳ ನಡುವಿನ ಮರದ ಹಲಗೆ), ಕಂಬ, ನೆಲ್ಲಕ್ಕಿ ನಡುಬಾಡೆ (ದೀಪವಿಡುವ ನಡುಮನೆ), ಒಂದನ್ನೂ ಬಿಡಬೇಡಿ. ಒಂದು ಫೋಟೋದಲ್ಲಿ ಕಂಡದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಮುಂದಿನದರಲ್ಲೂ ಕಾಣಬೇಕು. ಆಗಲೇ ಕಂಪ್ಯೂಟರ್ ಅವನ್ನು ಜೋಡಿಸಿ ಮನೆಯ ಆಕಾರ ಕೊಡುತ್ತದೆ. ಪಕ್ಕದಲ್ಲಿ ಅಳತೆಕೋಲು ಇಡಿ. ತಾರೀಕು ಬರೆಯಿರಿ.