ಇವತ್ತೇನ್ ಸಿಕ್ತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಇಂಟರ್ನೆಟ್ಟಲ್ಲಿ ದಿನಾ ಸಿಗೋ ವಿಚಿತ್ರ, ಮಜಾ ಸಂಗತಿಗಳನ್ನ ಹಂಚ್ಕೊಳ್ಳೋದರ ಬಗ್ಗೆ ಈ ಸಲ ಪತ್ರ ಜಾಸ್ತಿ ಬಂದಿದಾವೆ. ಅದಕ್ಕೆ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ನಮಸ್ಕಾರ ಸರ್. ದಿನಾ ಬೆಳಗ್ಗೆ ಏನಾದ್ರೂ ಒಂದು ಮಜಾ ಲಿಂಕು ಹುಡುಕಿ ಫ್ರೆಂಡ್ಸ್ ಗ್ರೂಪಿಗೆ ಹಾಕೋ ಅಭ್ಯಾಸ ನಂದು. ಮೊದಮೊದ್ಲು ಎಲ್ರೂ ನಗ್ತಿದ್ರು, ಈಗ ಬ್ಲೂ ಟಿಕ್ ಬರುತ್ತೆ ಅಷ್ಟೇ, ಒಬ್ರೂ ತುಟಿಪಿಟಕ್ ಅನ್ನಲ್ಲ. ನಿಲ್ಲಿಸಿಬಿಡ್ಲಾ?

ಉತ್ತರ: ನಿಲ್ಲಿಸ್ಬೇಡಿ. ಆದ್ರೆ ಹೇಗೆ ಕಳಿಸ್ತಿದೀರಿ ಅಂತ ಒಂದ್ಸಲ ಗ್ರೂಪನ್ನ ಮೇಲಕ್ಕೆ ಸ್ಕ್ರೋಲ್ ಮಾಡಿ ನೋಡ್ಕೊಳ್ಳಿ. ಬರೀ ಲಿಂಕು, ಅದರ ಕೆಳಗೆ ನಗೋ ಎಮೋಜಿ ಮೂರು, ಹೀಗಿದ್ರೆ ಆ ಕಡೆ ಇರೋವ್ರಿಗೆ ಅದೇನು ಅಂತಾನೇ ಗೊತ್ತಾಗಲ್ಲ, ಆಮೇಲೆ ನೋಡೋಣ ಅಂತ ಬಿಡ್ತಾರೆ, ಆ ಆಮೇಲೆ ಬರೋದೇ ಇಲ್ಲ.

ನಂಗೆ ತುಂಬ ಇಷ್ಟವಾದ ಒಂದನ್ನೇ ಹೇಳ್ತೀನಿ. ನೆದರ್ಲೆಂಡ್ಸಿನ ಯೂಟ್ರೆಕ್ಟ್ ಅನ್ನೋ ಊರಲ್ಲಿ ಕಾಲುವೆಗೆ ಅಡ್ಡ ಒಂದು ಹಳೇ ಗೇಟಿದೆ, ವೇರ್ಡ್‌ಸ್ಲೌಸ್ ಅಂತ ಅದರ ಹೆಸರು. ವಸಂತ ಕಾಲದಲ್ಲಿ ಮೀನುಗಳು ಮೊಟ್ಟೆ ಇಡೋಕೆ ಮೇಲಿನ ಕಡೆ ಈಜಿಕೊಂಡು ಬರ್ತಾವೆ, ಆದ್ರೆ ಆ ಹೊತ್ತಲ್ಲಿ ದೋಣಿ ಓಡಾಟ ಕಮ್ಮಿ ಇರೋದ್ರಿಂದ ಗೇಟು ಮುಚ್ಚೇ ಇರುತ್ತೆ, ಮೀನುಗಳು ಬಾಗಿಲಲ್ಲೇ ಕಾದು ಕಾದು ಹಕ್ಕಿ ಬಾಯಿಗೆ ಬೀಳ್ತಾವೆ. ಅದಕ್ಕೆ 2021ರಲ್ಲಿ ಅಲ್ಲಿನವರು ನೀರೊಳಗೆ ಒಂದು ಕ್ಯಾಮೆರಾ ಇಟ್ರು, ಅದನ್ನ ಲೈವ್ ಬಿಟ್ರು, ಪಕ್ಕದಲ್ಲಿ ಒಂದು ಬಟನ್. ಪ್ರಪಂಚದ ಯಾವ ಮೂಲೆಯಲ್ಲಿ ಕೂತಿರೋರಾದ್ರೂ ಸರಿ, ಮೀನು ಕಂಡ್ರೆ ಬಟನ್ ಒತ್ತಬೇಕು. ಫೋಟೋ ಹೋಗುತ್ತೆ, ಸಾಕಷ್ಟು ಮೀನು ಸೇರಿದಾವೆ ಅಂತಾದ್ರೆ ಗೇಟ್ ನೋಡ್ಕೊಳ್ಳೋರು ಬಾಗಿಲು ತೆಗೀತಾರೆ. ಮೀನಿನ ಕಾಲಿಂಗ್ ಬೆಲ್!

ಇದನ್ನ ನಮ್ಮಕ್ಕನಿಗೆ ಕಳಿಸೋವಾಗ ಲಿಂಕ್ ಜೊತೆ ಇಷ್ಟೇ ಬರೆದೆ: "ಮೀನು ಬಂದ್ರೆ ನಾವು ಬೆಲ್ ಒತ್ತಬೇಕಂತೆ ಅಕ್ಕಾ, ನಾನು ಹತ್ತು ನಿಮಿಷ ಕಾದೆ, ಬರೀ ಹಸಿರು ನೀರು. ನೀನು ನೋಡು." ಅರ್ಧ ಗಂಟೆ ಬಿಟ್ಟು ವಾಪಸ್ ಬಂತು: "ಬಂತು ಕಣೋ! ದಪ್ಪಗಿತ್ತು, ಕ್ಯಾಮೆರಾಗೇ ಮೂತಿ ಇಟ್ಟಿತ್ತು, ಒತ್ತಿದೆ." ಆಮೇಲೆ ವಾರಗಟ್ಲೆ ನಮ್ಮಿಬ್ರ ಮಾತೇ ಅದು. ನಾನು ಕಳಿಸಿದ್ದು ಲಿಂಕು, ಅವಳಿಗೆ ಸಿಕ್ಕಿದ್ದು ಒಂದು ಕೆಲಸ, ನೋಡಿ ಅದೇ ವ್ಯತ್ಯಾಸ. ನೀವು ಏನು ನೋಡಿದ್ರಿ, ಎಲ್ಲಿ ನಕ್ಕ್ರಿ ಅಂತ ಒಂದೇ ಒಂದು ಸಾಲು ಬರೀರಿ, ಮತ್ತೆ ಗ್ರೂಪಿಗಲ್ಲ, ಇದು ಇವನಿಗೇ ಹೇಳಿ ಮಾಡಿಸಿದ್ದು ಅನ್ನಿಸಿದ ಒಬ್ರಿಗೆ ಕಳಿಸಿ. ಇಪ್ಪತ್ತು ಜನಕ್ಕೆ ಒಟ್ಟಿಗೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲ್ಲ, ಇನ್ಯಾರಾದ್ರೂ ಕೊಡ್ತಾರೆ ಬಿಡು ಅಂತ.

ಪ್ರಶ್ನೆ: ನೀವು ಇಂಥವೆಲ್ಲ ಎಲ್ಲಿ ಹುಡುಕ್ತೀರಾ? ನನ್ನ ಫೀಡಲ್ಲಿ ಅದೇ ಡ್ಯಾನ್ಸು, ಅದೇ ಪ್ರಾಂಕು, ಒಂದ್ಸಲ ಒಂದು ನೋಡಿದ್ರೆ ತಿಂಗಳು ಪೂರ್ತಿ ಅದೇ ಬರುತ್ತೆ.

ಉತ್ತರ: ಫೀಡಿನ ಕೆಲಸಾನೇ ಅದು, ನೀವು ನಿನ್ನೆ ಯಾವುದರ ಮೇಲೆ ಬೆರಳು ನಿಲ್ಲಿಸಿದ್ರೋ ಅದನ್ನೇ ಇವತ್ತು ತಂದು ಕೊಡುತ್ತೆ. ಹಾಗಾಗಿ ಹೊಸದು ಬೇಕಂದ್ರೆ ಫೀಡಿಂದ ಆಚೆ ಕಾಲಿಡ್ಲೇಬೇಕು. ವಿಕಿಪೀಡಿಯಾದಲ್ಲಿ ಯಾವುದಾದ್ರೂ ಒಂದು ಪುಟಕ್ಕೆ ಎಸೆಯೋ ಬಟನ್ ಇದೆ, ಒತ್ತಿ ನೋಡಿ, ಹತ್ತರಲ್ಲಿ ಎಂಟು ಸಪ್ಪೆ, ಇನ್ನೆರಡು ಬಿಡಲ್ಲ ನಿಮ್ಮನ್ನ. ರೇಡಿಯೋ ಗಾರ್ಡನ್ ಅಂತ ಇದೆ, 2016ರಲ್ಲಿ ಶುರುವಾಗಿದ್ದು, ಭೂಮಿಯ ಗೋಳ ತಿರುಗಿಸ್ತಾ ಹೋದ್ರೆ ಎಲ್ಲೆಲ್ಲಿ ಹಸಿರು ಚುಕ್ಕೆ ಇದೆಯೋ ಅಲ್ಲಿನ ರೇಡಿಯೋ ಆ ಕ್ಷಣದಲ್ಲಿ ಏನು ಹಾಡ್ತಿದೆಯೋ ಅದೇ ಕೇಳುತ್ತೆ, ಭಾಷೆ ಗೊತ್ತಿಲ್ದೇ ಇದ್ರೂ ಯಾವುದೋ ಊರಿನ ಬೆಳಗಿನ ಜಾವ ಕಿವಿಗೆ ಬೀಳುತ್ತೆ. ನಾಸಾದ ದಿನಕ್ಕೊಂದು ಆಕಾಶದ ಚಿತ್ರ ಅನ್ನೋದು 1995ರ ಜೂನ್ 16ರಿಂದ ನಡೀತಾ ಇದೆ, ಚಿತ್ರದ ಕೆಳಗೆ ಖಗೋಳ ವಿಜ್ಞಾನಿಗಳೇ ಬರೆದ ನಾಲ್ಕು ಸಾಲು ಇರುತ್ತೆ, ಆ ನಾಲ್ಕು ಸಾಲಿಗೋಸ್ಕರಾನೇ ನಾನು ಹೋಗ್ತೀನಿ.

ಆದ್ರೆ ಜಾಗಕ್ಕಿಂತ ಮುಖ್ಯ ಏನಂದ್ರೆ ಒಂದು ಸಣ್ಣ ತಮಾಷೆ ಕಂಡ್ರೆ ಅದರ ಬಾಲ ಹಿಡ್ಕೊಂಡು ಹೋಗೋದು. ಒಂದು ಸಲ ನನ್ನ ಹಳೇ ಫೋಟೋಗಳನ್ನ ಮ್ಯಾಪ್ ಮೇಲೆ ನೋಡ್ತಿದ್ದಾಗ ಒಂದಷ್ಟು ಫೋಟೋ ಹೋಗಿ ಆಫ್ರಿಕಾ ಪಕ್ಕದ ಸಮುದ್ರದ ಮಧ್ಯೆ ಕೂತಿದ್ವು, ನಾನು ಆ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಹುಡುಕ್ತಾ ಹೋದ್ರೆ ಗೊತ್ತಾಯ್ತು, ಅದಕ್ಕೆ ನಲ್ ಐಲ್ಯಾಂಡ್ ಅಂತ ಹೆಸರೇ ಇದೆ! ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ, ಗಿನಿ ಕೊಲ್ಲಿಯಲ್ಲಿ ಎರಡೂ ಕೂಡೋ ಜಾಗ. ಯಾವುದಾದ್ರೂ ಫೋಟೋಗೋ ವಿಳಾಸಕ್ಕೋ ಜಾಗದ ಮಾಹಿತಿ ಇಲ್ದಿದ್ರೆ ಎಷ್ಟೋ ಸಾಫ್ಟ್‌ವೇರು ಅಲ್ಲಿ ಸೊನ್ನೆ ತುಂಬಿಬಿಡುತ್ತೆ, ಹಾಗಾಗಿ ದಾರಿ ತಪ್ಪಿದ್ದೆಲ್ಲ ಅಲ್ಲಿಗೇ ಹೋಗಿ ಸೇರುತ್ತೆ. ಅಲ್ಲಿ ನೆಲ ಇಲ್ಲ, ಲಂಗರು ಹಾಕಿ ನಿಲ್ಲಿಸಿರೋ, ಗಾಳಿ ನೀರು ಅಳೆಯೋ ತೇಲು ಯಂತ್ರ ಒಂದಿದೆ, ಅದಕ್ಕೆ ಸೋಲ್ ಅಂತ ಹೆಸರಿಟ್ಟಿದಾರೆ. ನ್ಯಾಚುರಲ್ ಅರ್ಥ್ ಅನ್ನೋ ಉಚಿತ ನಕ್ಷೆ ಮಾಡೋರು ಇಂಥ ತಪ್ಪು ಹಿಡಿಯೋಕೆ ಸುಲಭ ಆಗ್ಲಿ ಅಂತ ಅಲ್ಲಿ ಒಂದು ಚದರ ಮೀಟರಿನ ದ್ವೀಪಾನೇ ಬರೆದು ಇಟ್ರು. ನಾನು ಅವತ್ತು ಮೂರು ಜನಕ್ಕೆ ಫೋನ್ ಮಾಡಿ ಹೇಳಿದೀನಿ ಇದನ್ನ, ಬರೆದು ಕಳಿಸೋಷ್ಟು ತಾಳ್ಮೆ ಇರ್ಲಿಲ್ಲ, ಅಷ್ಟು ಖುಷಿಯಾಗಿತ್ತು.

ಪ್ರಶ್ನೆ: ನೆರೆ ಬಂದ ರಸ್ತೆಯಲ್ಲಿ ಶಾರ್ಕ್ ಈಜ್ತಿರೋ ಫೋಟೋ ಬಂತು, ಎದೆ ಝಲ್ ಅಂತು, ತಕ್ಷಣ ಎಲ್ರಿಗೂ ಕಳಿಸಿದೆ. ಸುಳ್ಳಂತೆ. ನನ್ನ ತಂಗಿ ಮಗ ಹೇಳಿದ. ಕಳಿಸೋಕೆ ಮುಂಚೆ ಕಂಡುಹಿಡಿಯೋದು ಹೇಗೆ ಮೇಡಂ ಅಥವಾ ಸರ್?

ಉತ್ತರ: ನಿಮ್ಮ ಹಾಗೆ ಲಕ್ಷಾಂತರ ಜನ ಕಳಿಸಿದಾರೆ, ಬೇಜಾರ್ ಮಾಡ್ಕೊಬೇಡಿ. ಆ ಶಾರ್ಕ್ ಮಾತ್ರ ನಿಜವಾದದ್ದೇ! ಥಾಮಸ್ ಪೆಶಾಕ್ ಅನ್ನೋ ಫೋಟೋಗ್ರಾಫರ್ 2003ರಲ್ಲಿ ದಕ್ಷಿಣ ಆಫ್ರಿಕಾ ಸಮುದ್ರದಲ್ಲಿ ತೆಗೆದಿದ್ದು, ಮುಂದೆ ಹಳದಿ ಕಯಾಕ್ ದೋಣಿಯಲ್ಲಿ ಒಬ್ರು ಹಿಂತಿರುಗಿ ನೋಡ್ತಿದಾರೆ, ಹಿಂದೆಯೇ ನೀರಡಿಯಲ್ಲಿ ದೊಡ್ಡ ಬಿಳಿ ಶಾರ್ಕು. ಆ ಶಾರ್ಕನ್ನ ಯಾರೋ ಕತ್ತರಿಸಿ 2011ರ ಐರೀನ್ ಚಂಡಮಾರುತದ ಹೊತ್ತಲ್ಲಿ ಮುಳುಗಿದ ರಸ್ತೆ ಮೇಲೆ ಅಂಟಿಸಿದ್ರು, ಅವತ್ತಿಂದ ಎಲ್ಲಿ ದೊಡ್ಡ ನೆರೆ ಬಂದ್ರೂ ಅದೇ ಶಾರ್ಕು, ಅದೇ ಭಂಗಿ, ಊರಿನ ಹೆಸರು ಮಾತ್ರ ಬೇರೆ.

ಕಂಡುಹಿಡಿಯೋದು ಕಷ್ಟ ಅಲ್ಲ. ಫೋಟೋನ ಗೂಗಲ್ ಲೆನ್ಸಿಗೋ ಟಿನ್‌ಐಗೋ ಕೊಡಿ, ಅದೇ ಚಿತ್ರ ಬೇರೆ ಎಲ್ಲೆಲ್ಲಿ ಬಂದಿದೆ ತೋರಿಸುತ್ತೆ. ಟಿನ್‌ಐನಲ್ಲಿ ಎಲ್ಲಕ್ಕಿಂತ ಹಳೇದು ಮೊದ್ಲು ಬರೋ ಹಾಗೆ ಜೋಡಿಸಬಹುದು, ನಿನ್ನೆಯ ನೆರೆ ಅಂತ ಬಂದ ಫೋಟೋ ಹತ್ತು ವರ್ಷದ ಹಿಂದೇನೇ ಸಿಕ್ತು ಅಂದ್ರೆ ಅಲ್ಲಿಗೆ ಮುಗೀತು. ಅರ್ಧ ನಿಮಿಷದ ಕೆಲಸ. ಆದ್ರೆ ಎಲ್ಲವೂ ಸುಳ್ಳು ಅಂತ ತೀರ್ಮಾನ ಮಾಡ್ಬಿಡೋದೂ ತಪ್ಪು ಕಣ್ರೀ. 2022ರಲ್ಲಿ ಇಯಾನ್ ಚಂಡಮಾರುತ ಬಂದಾಗ ಫ್ಲೋರಿಡಾದಲ್ಲಿ ಮುಳುಗಿದ ಹಿತ್ತಲಲ್ಲಿ ಶಾರ್ಕ್ ಥರದ ಮೀನು ಒದ್ದಾಡ್ತಿರೋ ವಿಡಿಯೋ ಬಂತು, ಎಲ್ರೂ ಹಳೇ ಸುಳ್ಳು ಅಂದ್ರು, ಪತ್ರಕರ್ತರು ಹೋಗಿ ವಿಚಾರಿಸಿದ್ರೆ ಅದು ನಿಜಾನೇ! ಮತ್ತೆ ನನ್ನ ಅನುಭವದಲ್ಲಿ ಒಂದು ಮಾತು, ಹುಡುಕಿದಾಗ ಸಿಗೋ ನಿಜದ ಕಥೆ ಎಷ್ಟೋ ಸಲ ಸುಳ್ಳಿಗಿಂತ ಚೆನ್ನಾಗಿರುತ್ತೆ. ಆ ಕಯಾಕಿನ ಫೋಟೋ ನೋಡಿ, ರಸ್ತೆ ಶಾರ್ಕ್ ಏನೂ ಅಲ್ಲ ಅನ್ನಿಸುತ್ತೆ. ಈಗ ಅದನ್ನೇ ಕಳಿಸಿ ಎಲ್ರಿಗೂ, ತಪ್ಪನ್ನ ಹೇಳಿದ ಹಾಗೂ ಆಯ್ತು.

ಪ್ರಶ್ನೆ: ನಮ್ಮ ಅಮ್ಮನಿಗೆ ಫೋನ್ ಹೊಸದು. ಮೀಮ್ ಕಳಿಸಿದ್ರೆ ಅರ್ಥ ಆಗಲ್ಲ, ಸುಮ್ನೆ ಹೂಂ ಅಂತಾರೆ. ಅವರಿಗೆ ಏನು ಕಳಿಸ್ಲಿ?

ಉತ್ತರ: ಮೀಮಿಗೆ ಹಿಂದಿನ ಕಥೆ ಗೊತ್ತಿರ್ಬೇಕು, ಅದು ಅಮ್ಮನ ತಪ್ಪಲ್ಲ. ಅವರಿಗೆ ಮೆಲ್ಬರ್ನಿನ ಮರಗಳ ಕಥೆ ಹೇಳಿ. ಅಲ್ಲಿನ ನಗರಪಾಲಿಕೆ 2013ರಲ್ಲಿ ಊರಿನ ಒಂದೊಂದು ಮರಕ್ಕೂ ಒಂದು ನಂಬರು, ಒಂದು ಇಮೇಲ್ ಐಡಿ ಕೊಡ್ತು, ಕೊಂಬೆ ಮುರಿದಿದ್ರೆ, ರೋಗ ಬಂದಿದ್ರೆ ಜನ ತಿಳಿಸ್ಲಿ ಅಂತ. ಜನ ದೂರು ಬರೀಲಿಲ್ಲ, ಮರಕ್ಕೇ ಪತ್ರ ಬರೆದ್ರು! ದಿನಾ ನಿನ್ನ ಪಕ್ಕದಲ್ಲೇ ಹೋಗ್ತೀನಿ, ನೀನು ಚೆನ್ನಾಗಿ ಕಾಣ್ತೀಯ ಅಂತ. ಒಬ್ಬ ವಿದ್ಯಾರ್ಥಿ, ನಂಗೆ ಪರೀಕ್ಷೆ ಹತ್ರ ಬಂತು ಓದ್ಬೇಕು, ನೀನು ಮರ ಅಲ್ವಾ ನಿಂಗೆ ಪರೀಕ್ಷೆ ಇಲ್ಲ ಅಂತ ಬರೆದಿದಾರೆ. ಪಾಲಿಕೆಯವರು ಕೆಲವಕ್ಕೆ ಮರದ ಪರವಾಗಿ ಉತ್ತರಾನೂ ಬರೆದ್ರು. ಇದನ್ನ ಟೈಪ್ ಮಾಡಿ ಕಳಿಸ್ಬೇಡಿ, ವಾಯ್ಸ್ ಮೆಸೇಜಲ್ಲಿ ನಿಮ್ಮ ದನೀಲೇ ಹೇಳಿ, ಕೊನೇಲಿ ನೀನಾದ್ರೆ ಯಾವ ಮರಕ್ಕೆ ಏನ್ ಬರೀತಿದ್ದೆ ಅಮ್ಮಾ ಅಂತ ಕೇಳಿ. ಹೂಂ ಅಂತ ಮುಗಿಸಲ್ಲ ಅವರು.

ಪ್ರಶ್ನೆ: ವೆಬ್‌ಕ್ಯಾಮ್ ಕಂಡುಹಿಡಿದಿದ್ದೇ ಕಾಫಿಗೋಸ್ಕರ ಅಂತ ಫ್ರೆಂಡ್ ಹೇಳ್ತಾನೆ. ನಂಬೋದಾ?

ಉತ್ತರ: ನಂಬಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಲ್ಲಿ ಟ್ರೋಜನ್ ರೂಮ್ ಅಂತ ಇತ್ತು, ಅದರ ಹೊರಗೆ ಒಂದೇ ಕಾಫಿ ಮೆಷೀನು. ಬೇರೆ ಬೇರೆ ಕಡೆ ಕೂತೋರು ಕೆಲಸ ಬಿಟ್ಟು ಮೆಟ್ಟಿಲು ಹತ್ತಿ ಇಳಿದು ಬಂದ್ರೆ ಪಾಟ್ ಖಾಲಿ! ಅದಕ್ಕೆ 1991ರಲ್ಲಿ ಕ್ವೆಂಟಿನ್ ಸ್ಟ್ಯಾಫರ್ಡ್ ಫ್ರೇಸರ್, ಪಾಲ್ ಜಾರ್ಡೆಟ್ಸ್ಕಿ ಇಬ್ರೂ ಸೇರಿ ಪಾಟಿಗೆ ಮುಖ ಮಾಡಿ ಒಂದು ಕ್ಯಾಮೆರಾ ಇಟ್ರು, 128ಕ್ಕೆ 128 ಪಿಕ್ಸೆಲ್ಲಿನ ಬೂದು ಬಣ್ಣದ ಪುಟಾಣಿ ಚಿತ್ರ, ಪಾಟಲ್ಲಿ ಎಷ್ಟು ಕಪ್ಪಗಿದೆ ಅಂತ ನೋಡಿದ್ರೆ ಕಾಫಿ ಎಷ್ಟಿದೆ ಗೊತ್ತಾಗೋದು. 1993ರಲ್ಲಿ ಅದನ್ನ ವೆಬ್ಬಿಗೆ ಜೋಡಿಸಿದ್ರು, ಪ್ರಪಂಚವೆಲ್ಲ ಯಾರದೋ ಕಾಫಿ ಪಾಟ್ ನೋಡೋಕೆ ಬಂತು. 2001ರ ಆಗಸ್ಟ್ 22ಕ್ಕೆ ಕ್ಯಾಮೆರಾ ಆಫ್ ಮಾಡಿದ್ರು, ಕೊನೇ ಚಿತ್ರದಲ್ಲಿ ಸ್ವಿಚ್ಚಿನ ಹತ್ರ ಬಂದ ಬೆರಳುಗಳು ಕಾಣ್ತಾವೆ, ನಂಗೆ ಆ ಚಿತ್ರ ನೋಡಿದಾಗ್ಲೆಲ್ಲ ಮನಸ್ಸು ಹಿಂಡಿದ ಹಾಗಾಗುತ್ತೆ. ಕೆಟ್ಟುಹೋಗಿದ್ದ ಆ ಮೆಷೀನನ್ನ ಹರಾಜಲ್ಲಿ 3,350 ಪೌಂಡ್ ಕೊಟ್ಟು ಜರ್ಮನಿಯ ಷ್ಪೀಗೆಲ್ ಆನ್‌ಲೈನ್ ಅನ್ನೋ ಸುದ್ದಿ ತಾಣದವರು ತಗೊಂಡ್ರು, ಈಗ ಅದು ಅಲ್ಲೇ ಪಾಡರ್‌ಬಾರ್ನ್ ಊರಿನ ಕಂಪ್ಯೂಟರ್ ಮ್ಯೂಸಿಯಮ್ಮಲ್ಲಿದೆ. ನಿಮ್ಮ ಫ್ರೆಂಡಿಗೆ ಇದರ ಜೊತೆ ಇನ್ನೊಂದು ವಾಪಸ್ ಕೊಡಿ: 1998ರ ಏಪ್ರಿಲ್ 1ಕ್ಕೆ ಇಂಟರ್ನೆಟ್ ನಿಯಮಗಳನ್ನ ಬರೆಯೋರು ಕಾಫಿ ಪಾಟಿಗೆ ಅಂತ ತಮಾಷೆಗೆ ಒಂದು ನಿಯಮ ಬರೆದ್ರು, ಟೀ ಪಾಟಿಗೆ ಹೋಗಿ ಕಾಫಿ ಮಾಡು ಅಂದ್ರೆ ಅದು 418 ಅನ್ನೋ ಎರರ್ ಕೊಡ್ಬೇಕು, ಅರ್ಥ ಏನಂದ್ರೆ ನಾನು ಟೀ ಪಾಟು. ಪ್ರೋಗ್ರಾಮರ್‌ಗಳು ಇವತ್ತಿಗೂ ಅದನ್ನ ಬಿಟ್ಟುಕೊಟ್ಟಿಲ್ಲ.

ಪ್ರಶ್ನೆ: ಯಾರೋ ಗೊತ್ತಿಲ್ದೇ ಇರೋರು ರಸ್ತೇಲಿ ಜಾರಿ ಬೀಳೋ ವಿಡಿಯೋ, ಹಾಡು ತಪ್ಪಿ ಅಳೋ ಮಗು ವಿಡಿಯೋ, ಇವೂ ಮಜಾನೇ ಅಲ್ವಾ? ಕಳಿಸಿದ್ರೆ ಏನ್ ತಪ್ಪು?

ಉತ್ತರ: ನಾನು ಕಳಿಸಲ್ಲ. ಆ ಮನುಷ್ಯನಿಗೆ ಕ್ಯಾಮೆರಾ ಇರೋದೇ ಗೊತ್ತಿರ್ಲಿಲ್ಲ, ಆ ಮಗುನ ಯಾರೂ ಕೇಳಿಲ್ಲ. ಮಗು ದೊಡ್ಡದಾದ್ಮೇಲೂ ವಿಡಿಯೋ ಹಂಗೇ ಓಡಾಡ್ತಿರುತ್ತೆ, ಕ್ಲಾಸಲ್ಲಿ ಯಾರೋ ಒಬ್ಬ ತೆಗೆದು ತೋರಿಸ್ತಾನೆ. ಅವರೇ ನಗ್ತಾ ತಾವಾಗಿ ಹಾಕಿದ್ರೆ ಅದರ ಮಾತೇ ಬೇರೆ.

ಪ್ರಶ್ನೆ: ವರ್ಷಗಟ್ಲೆ ಸೇವ್ ಮಾಡಿಟ್ಟ ಲಿಂಕುಗಳಲ್ಲಿ ಅರ್ಧಕ್ಕರ್ಧ ಈಗ ತೆರೆಯೋದೇ ಇಲ್ಲ. ಏನಾದ್ರೂ ದಾರಿ ಇದೆಯಾ?

ಉತ್ತರ: ಇದೆ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷೀನಲ್ಲಿ ಆ ಹಳೇ ವಿಳಾಸ ಹಾಕಿ ನೋಡಿ, ಎಷ್ಟೋ ಸಿಗ್ತಾವೆ. ಇನ್ಮುಂದೆ ಇಷ್ಟವಾದ ಪುಟ ಕಂಡ ದಿನಾನೇ ಅಲ್ಲಿ ಸೇವ್ ಮಾಡೋ ಜಾಗಕ್ಕೆ ವಿಳಾಸ ಕೊಟ್ಟುಬಿಡಿ, ದುಡ್ಡಿಲ್ಲ, ಒಂದು ನಿಮಿಷ. ಎತ್ತಿಟ್ರೆ ಏನು ಲಾಭ ಅಂತೀರಾ, ಪಕ್ಕಕ್ಕೆ ತಿರುಗಿಸಿದ ನಗುಮುಖ ಇದೆಯಲ್ಲ, ಎರಡು ಚುಕ್ಕೆ, ಅಡ್ಡಗೆರೆ, ಬ್ರಾಕೆಟ್ಟು, ಅದನ್ನ ಸ್ಕಾಟ್ ಫಾಲ್ಮನ್ ಅನ್ನೋ ಕಂಪ್ಯೂಟರ್ ವಿಜ್ಞಾನಿ 1982ರ ಸೆಪ್ಟೆಂಬರ್ 19ಕ್ಕೆ ತಮಾಷೆ ಯಾವುದು, ಸೀರಿಯಸ್ ಯಾವುದು ಅಂತ ಗೊತ್ತಾಗ್ಲಿ ಅಂತ ಬರೆದಿದ್ದು. ಆ ಮೆಸೇಜೇ ಕಳೆದುಹೋಗಿತ್ತು, 2002ರಲ್ಲಿ ಹಳೇ ಬ್ಯಾಕಪ್ ಟೇಪುಗಳನ್ನ ಜಾಲಾಡಿ ಹುಡುಕಿ ತೆಗೆದ್ರು. ಯಾರೋ ಟೇಪ್ ಬಿಸಾಕದೇ ಇಟ್ಟಿದ್ದಕ್ಕೆ ಸಿಕ್ತು ಅದು.

ಪ್ರಶ್ನೆ: ಬೆಕ್ಕು, ನಾಯಿ ವಿಡಿಯೋ ಸಾಕಾಯ್ತು. ಬೇರೆ ಪ್ರಾಣಿ ಇದ್ರೆ ಹೇಳಿ.

ಉತ್ತರ: ಕರಡಿ! ಅಲಾಸ್ಕಾದ ಕ್ಯಾಟ್ಮಾಯ್ ರಾಷ್ಟ್ರೀಯ ಉದ್ಯಾನದಲ್ಲಿ ಚಳಿಗಾಲದ ನಿದ್ದೆಗೆ ಮುಂಚೆ ಕರಡಿಗಳು ಸಾಲ್ಮನ್ ಮೀನು ತಿಂದು ತಿಂದು ಡ್ರಮ್ ಥರ ಆಗ್ತಾವೆ, ಅದರಲ್ಲಿ ಯಾವುದು ಚೆನ್ನಾಗಿ ದಪ್ಪಗಾಗಿದೆ ಅಂತ ಜನ ಆನ್‌ಲೈನಲ್ಲಿ ವೋಟ್ ಹಾಕ್ತಾರೆ, 2014ರಿಂದ ನಡೀತಿದೆ. 480 ನಂಬರಿನ ಓಟಿಸ್ ಅಂತ ಒಬ್ಬ ಅಜ್ಜ ಕರಡಿ ನಾಲ್ಕು ಸಲ ಗೆದ್ದಿದಾನೆ, ಕೊನೇದು 2021ರಲ್ಲಿ. ಹಲ್ಲು ಸವೆದಿದ್ವು, ಕೆಲವು ಇರ್ಲೇ ಇಲ್ಲ, ಬೇರೆ ಕರಡಿಗಳ ಜೊತೆ ಕಿತ್ತಾಡದೆ ಜಲಪಾತದ ಒಂದು ಮೂಲೇಲಿ ಗಂಟೆಗಟ್ಲೆ ಕೂತು ಮೀನು ಬರೋದನ್ನೇ ಕಾಯ್ತಿದ್ದ. ವೋಟಿಂಗ್ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ, ಆದ್ರೆ ನೀವು ಜುಲೈನಲ್ಲೇ ಅಲ್ಲಿನ ಲೈವ್ ಕ್ಯಾಮೆರಾ ನೋಡೋಕೆ ಶುರು ಮಾಡಿ. ಆಗ ಎಲ್ಲಾ ಕಡ್ಡಿ ಥರ ಇರ್ತಾವೆ, ಒಂದನ್ನ ನಿಮ್ಮದು ಅಂತ ಆರಿಸ್ಕೊಳ್ಳಿ.